ಓಡಿದ ಮೈಲಿಗಲ್ಲು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ೧೯೯೪ನೇ ಇಸವಿಯವರೆಗೆ ದೃಷ್ಟಿದೋಷವುಳ್ಳ ಲಾರಿ ಚಾಲಕ ಒಬ್ಬನೇ ಒಬ್ಬನೂ ಇರಲಿಲ್ಲ. ಇದು ನನ್ನ ಬಡಾಯಿಯಲ್ಲ. ನಾಲ್ಕು ತಾಲ್ಲೂಕು ಲಾರಿ ಚಾಲಕರ ಸುರಕ್ಷತಾ ಸಂಘದ ಕಡತದಲ್ಲಿ ಹಾಗೆಯೇ ಬರೆದಿದೆ. ಬರೆದವನು ಸಂಘದ ಗೌರವ ಕಾರ್ಯದರ್ಶಿಯಾದ ಮರಿಯಯ್ಯ, ಅಂದರೆ ನಾನು. ಇಪ್ಪತ್ತಾರು ವರ್ಷಗಳಿಂದ ಪಾಂಡವಪುರದ ಬೆಲ್ಲವನ್ನು ಬೊಂಬಾಯಿಗೆ ಮುಟ್ಟಿಸುತ್ತಿರುವ ಚಾಲಕ. ಬರೆಯುವಾಗ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ಸಾಲುಗಳು ಕಾಗದದ ಮೇಲ್ತುದಿಗೆ ಹತ್ತಿಕೊಂಡು ಹೋಗಿವೆ, ಅಷ್ಟೇ.

ನಮ್ಮ ಕಣ್ಣುಗಳ ಈ ಆರೋಗ್ಯಕ್ಕೆ ಸಂಘದ ಕೊಠಡಿಯ ಗೋಡೆಯಲ್ಲಿದ್ದ ಅಕ್ಷರದ ಹಲಗೆಯೇ ಕಾರಣ. ಲೈಸೆನ್ಸ್ ನವೀಕರಣಕ್ಕೆ ಬೇಕಾದ ಕಣ್ಣಿನ ಸರ್ಟಿಫಿಕೇಟನ್ನು ಆ ಹಲಗೆಯ ಎಂಟು ಸಾಲು ಓದಿದವರಿಗೆ ಕೊಡುತ್ತಿದ್ದೆವು. ಮೇಲೆ ದೊಡ್ಡ ‘ಗ’, ಅದರ ಕೆಳಗೆ ‘ರ, ಪ’, ಹೀಗೆ ಇಳಿಯುತ್ತ ಎಂಟನೇ ಸಾಲಿನಲ್ಲಿ ಇರುವೆ ಗಾತ್ರದ ‘ದ, ನ, ಠ, ಮ, ಯ, ಲ’. ಇಪ್ಪತ್ತು ವರ್ಷ ಹಲಗೆ ಬದಲಾಗಲಿಲ್ಲ. ಸದಸ್ಯರ ಅನುಕೂಲಕ್ಕೆಂದು ಎಂಟೂ ಸಾಲನ್ನು ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದವನೂ ನಾನೇ. ಬೆಳ್ಳೂರು ಕ್ರಾಸಿನ ಟೀ ಅಂಗಡಿಯಲ್ಲಿ ಹಳಬರು ಹೊಸಬರಿಗೆ ಒಪ್ಪಿಸಿ ಹೇಳಿಕೊಡುತ್ತಿದ್ದರು. ಹಿಂದಿನ ಕಾಲದಲ್ಲಿ ಚಾಲಕರು ಕಣ್ಣಿನಿಂದ ನೋಡಿ ಓಡಿಸುತ್ತಿದ್ದರಂತೆ. ಆಗ ವಾಹನಗಳು ಕಡಿಮೆ, ಅದೆಲ್ಲ ನಡೆಯುತ್ತಿತ್ತು.

೧೯೮೯ರ ಮಳೆಗಾಲದಲ್ಲಿ ಮಾಡು ಸೋರಿ, ಹಲಗೆಯ ಕೆಳಭಾಗಕ್ಕೆ ಗೆದ್ದಲು ಹಿಡಿದು, ಐದನೇ ಸಾಲಿನಿಂದ ಕೆಳಗೆ ಬರೀ ಗೋಡೆ ಉಳಿಯಿತು. ಇದರಿಂದ ಪರೀಕ್ಷೆಗೆ ಯಾವ ತೊಂದರೆಯೂ ಆಗಲಿಲ್ಲ. ಸದಸ್ಯರು ಗೋಡೆಯನ್ನು ಅದೇ ವೇಗದಲ್ಲಿ ಓದಿದರು. ಆ ವರ್ಷ ಉತ್ತಮ ದೃಷ್ಟಿ ಪ್ರಶಸ್ತಿ ನನಗೆ ಬಂತು. ಹಾರ ಹಾಕಿದವರು ಯಾರೆಂದು ಮಾತ್ರ ಇವತ್ತಿಗೂ ತಿಳಿಯದು.

ಹೀಗಿರುವಾಗ ೧೯೯೪ರ ಜೂನಿನಲ್ಲಿ ಒಂದು ಸಣ್ಣ ವ್ಯತ್ಯಯ ಉಂಟಾಯಿತು. ನಮ್ಮೂರು ಕಿಕ್ಕೇರಿಗೆ ಎರಡು ಮೈಲಿ ಈಚೆ, ರಸ್ತೆಯ ಮಗ್ಗುಲಲ್ಲೇ ಇದೆ. ಬೆಳಗಿನ ಒಂಬತ್ತೂವರೆಗೆ ಲೋಡು ಹೊತ್ತು ಬರುತ್ತಿದ್ದೆ. ಎಡಗಡೆ ಬೆಳ್ಳಗೆ ಮೊಣಕಾಲುದ್ದದ ಮೈಲಿಗಲ್ಲು ಕಾಣಿಸಿತು. ಕಲ್ಲು ಬಂತು, ಇನ್ನೇನು ಮನೆ ಬಂತು ಅಂದುಕೊಂಡು ಗಾಡಿಯನ್ನು ಅದರ ಮಗ್ಗುಲಿಗೇ ಒತ್ತಿ ಹೊಡೆದೆ.

ಮೈಲಿಗಲ್ಲು ಓಡಿತು.

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಓಡುವ ಮೈಲಿಗಲ್ಲನ್ನು ನಾನು ಕಂಡದ್ದು ಅದೇ ಮೊದಲು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಇಳಿದು ನೋಡಿದರೆ ಮುಂದಿನ ಚಕ್ರದಿಂದ ಒಂದು ಗೇಣು ಆಚೆ ಒಂದು ಸ್ಲೇಟು ಬಿದ್ದಿತ್ತು. ಚರಂಡಿಯಲ್ಲಿ ಬಿಳಿ ಅಂಗಿ ತೊಟ್ಟ ಚಿನ್ನು ಕೂತಿದ್ದಳು. ನನ್ನ ಮಗಳ ಮಗಳು, ನಮ್ಮ ಮನೆಯಲ್ಲೇ ಇದ್ದು ಎರಡನೇ ಕ್ಲಾಸು ಓದುತ್ತಿದ್ದವಳು.

“ತಾತ, ನಾನ್ ಕಣೋ” ಅಂದಳು. ಅಳಲೂ ಇಲ್ಲ. ನಾನು ಅತ್ತೆ. ಅದು ಕಡತದಲ್ಲಿಲ್ಲ.

ಹೆಂಡತಿ ಪುಟ್ಟತಾಯಮ್ಮ ಮಗುವಿನ ಮೊಣಕಾಲಿಗೆ ಅರಿಸಿನ ಹಚ್ಚುತ್ತ ನನ್ನ ಮುಖ ನೋಡದೆ ಹೇಳಿದಳು: “ಗೋಡೆ ಓದೋ ಕಣ್ಣು ಮಗಾನ ಕಾಣ್ನಿಲ್ವಾ? ಓಗಿ ಡಾಕುಟ್ರಿಗೆ ತೋರ್ಸೀ. ಇಲ್ದಿದ್ರೆ ಗಾಡಿ ಬುಟ್ಬುಡೀ.”

ಎರಡೂ ಆಗದ ಮಾತು. ನಮ್ಮ ಅಧ್ಯಕ್ಷರಾದ ಚಲುವಯ್ಯನವರು ನಾನು ಓಡಿಸುವ ಲಾರಿಯೂ ಸೇರಿ ಹನ್ನೊಂದು ಲಾರಿಗಳ ಮಾಲೀಕರು. ಕನ್ನಡಕ ಹಾಕಿದವನ ಕೈಗೆ ಅವರು ಲಾರಿ ಕೊಡುವುದಿಲ್ಲ. ಕನ್ನಡಕವಿದ್ದರೆ ಕಣ್ಣು ಕಾಣುವುದಿಲ್ಲವೆಂದು ಅರ್ಥ, ಇಲ್ಲದಿದ್ದರೆ ಕಾಣುತ್ತದೆಂದು ಅರ್ಥ. ಇದರಲ್ಲಿ ಲೋಪ ಹುಡುಕುವುದು ಕಷ್ಟ. ಆದ್ದರಿಂದ ನಾನು ಹೇಡಿಯ ಬುದ್ಧಿ ಓಡಿಸಿದೆ. ಒಬ್ಬನೇ ಹೋದರೆ ತಾನೇ ಸಿಕ್ಕಿಬೀಳುವುದು? ಸಂಘದ ಆ ವರ್ಷದ ತಪಾಸಣೆಗೆ, ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಕಣ್ಣಿನ ಡಾಕ್ಟರು ಜಯಲಕ್ಷ್ಮಮ್ಮನವರನ್ನೇ ಕರೆಸಿದೆ. ಎಲ್ಲರ ಜೊತೆಗೆ ನಾನೂ ಫೇಲಾದರೆ ಮರ್ಯಾದೆಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ಡಾಕ್ಟರು ಮೊಪೆಡ್ಡಿನಲ್ಲಿ ಬಂದರು. ಅವರು ತಂದ ಹಲಗೆಯಲ್ಲಿ ಅಕ್ಷರಗಳೇ ಇರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು, ಒಂದೊಂದು ಒಂದೊಂದು ಕಡೆ ತಿರುಗಿತ್ತು. ಹಲ್ಲು ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಬೇಕು. ಅರವತ್ನಾಲ್ಕು ಚಾಲಕರ ಪೈಕಿ ಅರವತ್ತೊಂದು ಮಂದಿ ಎಲ್ಲ ಗುರುತುಗಳನ್ನೂ ಎಡಕ್ಕೆ ತೋರಿಸಿದರು. ಎಡಬದಿಯಲ್ಲೇ ಚಲಿಸಬೇಕೆಂಬ ನಿಯಮ ನಮ್ಮ ಸದಸ್ಯರಲ್ಲಿ ಅಷ್ಟು ಆಳವಾಗಿ ಬೇರೂರಿದೆ. ನಿಂಗರಾಜು ಮತ್ತು ಇನ್ನಿಬ್ಬರು ಮಾತ್ರ ಮೇಲೆ, ಕೆಳಗೆ, ಬಲಕ್ಕೆ ಎಂದು ಬೇಕಾಬಿಟ್ಟಿ ಕೈ ತಿರುಗಿಸಿ ಪಾಸಾದರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಟಾರ್ಚು ಬಿಟ್ಟು ನೋಡಿದರು. “ಎರಡೂ ಕಣ್ಣಿಗೆ ಪೊರೆ ಬಲಿತಿದೆ ಮರಿಯಯ್ಯನವರೇ. ಮೈಸೂರಿಗೆ ಬನ್ನಿ, ತೆಗೆಸೋಣ. ಆಮೇಲೆ ಕನ್ನಡಕ ಹಾಕ್ಕೊಂಡ್ರೆ ಮೊಮ್ಮಗಳ ಮುಖ ಚೆನ್ನಾಗಿ ಕಾಣುತ್ತೆ. ಅಲ್ಲೀವರೆಗೂ ದಯವಿಟ್ಟು ಸ್ಟೇರಿಂಗ್ ಮುಟ್ಟಬೇಡಿ.” ಮೊಮ್ಮಗಳ ವಿಷಯ ಅವರಿಗೆ ನಾನೇ ಹೇಳಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ.

ಮೂರನೇ ದಿನಕ್ಕೆ ತುರ್ತು ಸಭೆ ಸೇರಿತು. ಡಾಕ್ಟರನ್ನೂ ಕರೆಸಿದ್ದರು. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ತುಂತುರು ಮಳೆಗೆ ಬೆಲ್ಲ ಬೆವರುತ್ತಿತ್ತು. ಚಲುವಯ್ಯನವರು ಗಂಭೀರವಾಗಿ ಎದ್ದು ನಿಂತರು.

“ಅರವತ್ತೊಂದು ಜನಕ್ಕೆ ಒಂದೇ ದಿನ ಕಣ್ಣು ಓಯ್ತದೇನ್ರಲಾ? ಓಗಿರಾದು ಅಲಗೇದು. ಅಳೇ ಅಲಗೇಲಿ ಡಾಕುಟ್ರನ್ನೇ ಓದ್ಸಿ, ಗೊತ್ತಾಯ್ತದೆ.”

ನ್ಯಾಯವಾದ ಸಲಹೆ. ಡಾಕ್ಟರನ್ನು ಹಳೆಯ ಹಲಗೆಯ ಮುಂದೆ ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಲಾಯಿತು. ನಾಲ್ಕು ಸಾಲು ಸರಿಯಾಗಿ ಓದಿದರು. ಐದಕ್ಕೆ ನಿಂತರು.

“ಅಲ್ಲಿ ಏನೂ ಇಲ್ಲವಲ್ಲ. ಗೋಡೆ ಇದೆ.”

“ಏನೂ ಕಾಣ್ನಿಲ್ವಾ ಅಮ್ಮಾ?” ಎಂದು ಅಧ್ಯಕ್ಷರು ಮರುಕದಿಂದ ಕೇಳಿದರು.

“ಇದ್ದರೆ ತಾನೇ ಕಾಣೋದು?”

ಅಧ್ಯಕ್ಷರು ಸಭೆಯತ್ತ ತಿರುಗಿದರು. ಅರವತ್ತೊಂದು ಕಂಠಗಳು ಒಟ್ಟಿಗೆ ಐದರಿಂದ ಎಂಟನೇ ಸಾಲಿನವರೆಗೆ ಒಂದಕ್ಷರ ತಪ್ಪದೆ ಓದಿದವು. ನನ್ನದೂ ಸೇರಿತ್ತು. ‘ಯ, ಲ’ ಬಂದಾಗ ಡಾಕ್ಟರು ನನ್ನ ಕಡೆ ನೋಡಿದರೆಂದು ಕಾಣುತ್ತದೆ. ಅವರ ಮುಖ ನನಗೆ ತಿಳಿಯಾಗಿ ಕಾಣಲಿಲ್ಲ, ಅಷ್ಟರಮಟ್ಟಿಗೆ ಪೊರೆಯಿಂದ ಉಪಕಾರವಾಯಿತು.

ನಿರ್ಣಯವನ್ನು ಓದುವುದು ಕಾರ್ಯದರ್ಶಿಯ ಕೆಲಸ. ಕಾಗದ ಹಿಡಿದು ನಿಂತೆ. ಆ ಕ್ಷಣದಲ್ಲಿ ಒಂದು ಮಾತು ಹೇಳಬಹುದಿತ್ತು. ‘ನನಗೆ ಕಾಣುವುದಿಲ್ಲ, ನನ್ನ ಮಗುವನ್ನೇ ಹೊಡೆದು ಹಾಕುತ್ತಿದ್ದೆ’ ಎನ್ನುವಷ್ಟು ಚಿಕ್ಕ ಮಾತು. ನಾಲಗೆಯವರೆಗೆ ಬಂತು. ಲಾರಿ ಕೈತಪ್ಪಿದರೆ ಐವತ್ತೆರಡನೇ ವಯಸ್ಸಿನಲ್ಲಿ ಏನು ಮಾಡಲಿ ಎನ್ನಿಸಿ ನುಂಗಿಕೊಂಡೆ. ಕಾಗದ ಬಿಳಿ ಮಂಜಿನಂತಿತ್ತು. ತಲೆಕೆಳಗಾಗಿ ಹಿಡಿದಿದ್ದೆನೆಂದು ನಿಂಗರಾಜು ಆಮೇಲೆ ಹೇಳಿದ. ಆದರೂ ಬಾಯಿಪಾಠದಿಂದ ಸ್ಫುಟವಾಗಿ ಓದಿದೆ:

“ಹೊಸ ಹಲಗೆಯು ದೃಷ್ಟಿದೋಷದಿಂದ ಕೂಡಿರುವುದರಿಂದ ಅದನ್ನು ಅಮಾನ್ಯಗೊಳಿಸಲಾಗಿದೆ. ಗೋಡೆಯ ಮೇಲಿನ ಅಕ್ಷರಗಳನ್ನು ಗುರುತಿಸಲಾಗದ ವೈದ್ಯರು ಸಂಘದ ಆವರಣದಲ್ಲಿ ಮೊಪೆಡ್ ಚಲಾಯಿಸತಕ್ಕದ್ದಲ್ಲ. ಬಹುಮತಕ್ಕೆ ಕಾಣದ್ದನ್ನು ಕಂಡ ಮೂವರು ಸದಸ್ಯರನ್ನು, ಅವರ ಕಣ್ಣು ಸ್ತಿಮಿತಕ್ಕೆ ಬರುವವರೆಗೆ, ಮೂಟೆ ಹೊರುವ ಕೆಲಸಕ್ಕೆ ನಿಯೋಜಿಸಲಾಗಿದೆ.”

ಡಾಕ್ಟರು ಮೊಪೆಡ್ಡನ್ನು ಗೇಟಿನವರೆಗೂ ತಳ್ಳಿಕೊಂಡು ಹೋದರು. ನಿಂಗರಾಜು ಎರಡು ತಿಂಗಳಲ್ಲಿ ಗುಣಮುಖನಾದ. ಮರುಪರೀಕ್ಷೆಯಲ್ಲಿ ಏನು ಕೇಳಿದರೂ ಎಡಕ್ಕೇ ಕೈ ತೋರಿಸಿ, ಗೋಡೆಯನ್ನು ಪೂರ್ತಿ ಓದಿ, ಲಾರಿ ಹತ್ತಿದ.

ಅನಂತರ ನಡೆದದ್ದನ್ನು ಯಾರೂ ಯಾರಿಗೂ ಆದೇಶಿಸಲಿಲ್ಲ. ಮರುವಾರದಿಂದ ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಸದಸ್ಯರ ಹೆಂಡತಿ ಮಕ್ಕಳು ರಸ್ತೆ ಬಿಟ್ಟು ಗದ್ದೆಯ ಬದುವಿನ ಮೇಲೆ ಓಡಾಡತೊಡಗಿದರು. ಚಾಲಕರ ಮನೆಯವರೇ ರಸ್ತೆಗಿಳಿಯದ್ದನ್ನು ಕಂಡು ಉಳಿದ ಜನರೂ ಬದು ಹತ್ತಿದರು. ಅಪಘಾತಗಳು ಇಳಿದವು. ಚಲುವಯ್ಯನವರ ಸುರಕ್ಷತಾ ಭಾಷಣಕ್ಕೆ ಅಂಕಿಅಂಶ ಒದಗಿತು.

ಪುಟ್ಟತಾಯಮ್ಮ ನನ್ನೊಂದಿಗೆ ಮಾತು ಕಡಿಮೆ ಮಾಡಿದಳು. ದಿನಾ ಚಿನ್ನುವಿನ ಕೈ ಹಿಡಿದು ಬದುವಿನ ಮೇಲೆ ಶಾಲೆಗೆ ಬಿಟ್ಟು ಬರುತ್ತಾಳೆ. ಊರ ಮುಂದೆ ಹಾಯುವಾಗ ನಾನು ಉದ್ದಕ್ಕೆ ಹಾರ್ನು ಹೊಡೆದು ಗದ್ದೆಯ ಕಡೆ ಕೈ ಬೀಸುತ್ತೇನೆ. ಮೊನ್ನೆ ಮನೆಗೆ ಬಂದವನೇ ಖುಷಿಯಿಂದ ಹೇಳಿದೆ:

“ಇವತ್ತು ಬೆಳಿಗ್ಗೆ ಇಬ್ರನ್ನೂ ನೋಡ್ದೆ ಕಣೆ. ನಾನು ಕೈ ಬೀಸಿದ್ಕೆ ಚಿನ್ನೂನೂ ಬೀಸುದ್ಲು!”

ಪುಟ್ಟತಾಯಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಿದಳು. “ಇವತ್ತು ಬಾನ್ವಾರ ಕಣೀ. ಮನೆ ಬುಟ್ಟು ಆಚೆಗೇ ಓಗಿಲ್ಲ. ಅದು ಅಲಸಂದೆ ಒಲದ ಬೆದರುಬೊಂಬೆ.”

ಚಿನ್ನು ನನ್ನ ತೊಡೆಯ ಮೇಲೆ ಬಂದು ಕೂತು, ಎರಡೂ ಕೈಯಲ್ಲಿ ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. “ತಾತ, ನಾನು ಎಲ್ಲಿ ನಿಂತ್ಕಂಡ್ರೆ ನಿಂಗೆ ಕಾಣ್ತೀನಿ?”

ಅಷ್ಟು ಹತ್ತಿರದಲ್ಲೂ ಅವಳ ಮುಖ ಬೆಳ್ಳಗೆ, ಗುಂಡಗೆ, ಕಲ್ಲಿನ ತಲೆಯ ಹಾಗೆ ಕಾಣುತ್ತಿತ್ತು. “ಎಲ್ಲೂ ನಿಂತ್ಕಬ್ಯಾಡ ಕಣವ್ವ” ಅಂದೆ. “ನಾನು ಬರೋ ದಿನ ಮನೇಲೇ ಇದ್ಬುಡು.”

ಈ ಮಾತನ್ನು ಮುಂದಿನ ಸಭೆಯಲ್ಲಿ ಸಂಘದ ಒಂಬತ್ತನೇ ಸುರಕ್ಷತಾ ನಿಯಮವಾಗಿ ಮಂಡಿಸಿದೆ. ಸರ್ವಾನುಮತದಿಂದ ಅಂಗೀಕಾರವಾಯಿತು. ಈಗ ನಮ್ಮೂರ ಶಾಲೆಯವರೂ ಸಹಕರಿಸಿ, ನನ್ನ ಲಾರಿ ಹಾಯುವ ದಿನಗಳಲ್ಲಿ ಮಕ್ಕಳಿಗೆ ರಜೆ ಕೊಡುತ್ತಿದ್ದಾರೆ.