ಕಾಲುವೆಯ ಮೂರನೇ ಕಲ್ಲಿನ ಸಿಗಡಿಯವರ ಸನ್ನಿಧಾನಕ್ಕೆ

ಶ್ರೀಮತಿ ಸಿಗಡಿಯವರಿಗೆ,
ಕಲ್ಲುಸೇತುವೆಯ ಕೆಳಗೆ, ಎಡಗಡೆಯಿಂದ ಮೂರನೇ ಕಲ್ಲು,
ಕಮಲಾಪುರದ ದಾರಿಯ ಕಾಲುವೆ.

ಮಾನ್ಯರೇ,

ಹೊಸಪೇಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸಿಕೊಂಡು ಬಂದಿರುವ ಶಂಭುಲಿಂಗನ ಸಾಷ್ಟಾಂಗ ನಮಸ್ಕಾರಗಳನ್ನು ತಾವು ಮೊದಲು ಸ್ವೀಕರಿಸಬೇಕು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗಲ್ಲ. ಕಳೆದ ಎಂಟು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಎದೆಮಟ್ಟದ ನೀರಿನಲ್ಲಿ, ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು, ನಾನು ತಮ್ಮೆದುರು ಅಡ್ಡ ಬಿದ್ದಿರುವುದನ್ನು ತಾವೂ ಕಂಡಿದ್ದೀರಿ, ದಂಡೆಯ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳೂ ಕಂಡಿದ್ದಾರೆ. ಅವರಲ್ಲಿ ದುರುಗವ್ವ ಎಂಬ ಹಿರಿಯರು ಮೊದಮೊದಲು "ಪಾಪ, ಉಂಗುರ ಕಳಕೊಂಡಾನ" ಎಂದು ಮರುಗುತ್ತಿದ್ದರು. ಈಗೀಗ "ಎಂಟು ತಿಂಗಳಾತು, ಇನ್ನೂ ಸಿಕ್ಕಿಲ್ಲಂದ್ರ ಅದು ಉಂಗುರ ಅಲ್ಲ ಬಿಡ್ರೆ, ತಲಿ ಕಳಕೊಂಡಾನ" ಎನ್ನುತ್ತಿರುವುದಾಗಿ ತಿಳಿದುಬಂದಿದೆ.

ನನ್ನ ದೂರನ್ನು ವಿನಯದಿಂದಲೇ ಮುಂದಿಡುತ್ತೇನೆ. ತಾವು ಒಂದು ಅಂಗುಲ ಉದ್ದವಿದ್ದೀರಿ ಮತ್ತು ಗಾಜಿನಂತೆ ಆರಪಾರ ಕಾಣುತ್ತೀರಿ. ನನಗೆ ನಲವತ್ತೊಂಬತ್ತು. ನಲವತ್ತು ದಾಟಿದ ಕಣ್ಣಿಗೆ ಬರುವ ಚಾಳೀಸು ಎಂಬ ಮರ್ಯಾದಸ್ಥ ತೊಂದರೆಯಿಂದಾಗಿ ನನಗೆ ಜೋಳದರಾಶಿ ಗುಡ್ಡದ ಮೇಲಿನ ಮೇಕೆ ಗಂಡೋ ಹೆಣ್ಣೋ ಎಂದು ಹೇಳಲು ಬರುತ್ತದೆ, ಕೈಯಲ್ಲಿ ಹಿಡಿದ ಬಸ್ಸಿನ ಟಿಕೆಟ್ಟು ಯಾವ ಊರಿನದೆಂದು ಹೇಳಲು ಬರುವುದಿಲ್ಲ. ಕನ್ನಡಕ ಏರಿಸಿದ ಫೋಟೋದವನನ್ನು ಸಂಡೂರಿನ ಗಣಿ ಧಣಿಗಳು ಮನೆಯ ಮದುವೆಗೆ ಕರೆಯಲಾರರೆಂಬ ಹೆದರಿಕೆಯಿಂದ ನಾನು ಒಂಬತ್ತು ವರ್ಷ ನನ್ನ ತೋಳನ್ನೇ ಕನ್ನಡಕ ಮಾಡಿಕೊಂಡು, ಓದಬೇಕಾದದ್ದನ್ನೆಲ್ಲ ದೂರ ಹಿಡಿದು ಬಾಳಿದೆ. ನೆಲದ ಮೇಲೆ ಅದು ನಡೆಯಿತು. ತಮ್ಮ ಸನ್ನಿಧಾನದಲ್ಲಿ ನಡೆಯಲಿಲ್ಲ. ಹಂಪಿಗೆ ಬಂದ ಪ್ರವಾಸಿಗನೊಬ್ಬ ಊರಿಗೆ ಮರಳುವಾಗ ನನಗೆ ಮಾರಿಹೋದ ಪುಟ್ಟ ಕ್ಯಾಮೆರಾ ನೀರು ಹೋಗದ ಡಬ್ಬಿಯಲ್ಲಿ ಕೂತಿದೆ; ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಪರದೆ ಇದೆ. ಆ ಪರದೆ ಕಾಣಲೆಂದು ತೋಳು ಚಾಚಿದರೆ ಕ್ಯಾಮೆರಾ ತಮ್ಮ ಮೀಸೆಗೆ ತಾಗಿ ತಾವು ಹಿಮ್ಮುಖವಾಗಿ ಹಾರುತ್ತೀರಿ. ತಮ್ಮ ಗೌರವ ಕಾಪಾಡಲು ತೋಳು ಮಡಿಸಿದರೆ ಪರದೆ ಮಂಜಾಗಿ, ಅದರಲ್ಲಿರುವುದು ತಾವೋ, ಪಾಚಿಯೋ, ನನ್ನ ಹೆಬ್ಬೆರಳೋ ತಿಳಿಯುವುದಿಲ್ಲ. ಈ ಮೂವರಲ್ಲಿ ಹೆಬ್ಬೆರಳಿನ ಫೋಟೋಗಳು ಅತ್ಯಂತ ಸ್ಪಷ್ಟವಾಗಿ ಬಂದಿವೆ.

ಇಷ್ಟು ಅವಸ್ಥೆ ಏಕೆಂದು ತಾವು ಕೇಳಬಹುದು. ನಮ್ಮ ಓಣಿಯ ಪ್ರೌಢಶಾಲೆಯ ವಿಜ್ಞಾನದ ಶಿಕ್ಷಕಿ ಉಚ್ಚೆಂಗಮ್ಮನವರು ಮಕ್ಕಳ ಪ್ರದರ್ಶನಕ್ಕೆಂದು ಕಾಲುವೆಯ ಜೀವಿಗಳ ಒಂಬತ್ತು ಫೋಟೋ ಕೇಳಿದ್ದರು. ಬಸವನಹುಳು, ಗೊದಮೊಟ್ಟೆ ಮುಂತಾದ ಎಂಟು ಮಂದಿ ಸಹಕರಿಸಿದರು. ಉಳಿದದ್ದು ಒಂಬತ್ತನೆಯದು: ಹೊಟ್ಟೆಯಡಿ ಮೊಟ್ಟೆ ಹೊತ್ತ ತಾಯಿ ಸಿಗಡಿ. ಅಷ್ಟರಲ್ಲಿ ದುರಸ್ತಿಗಾಗಿ ಕಾಲುವೆಯ ನೀರು ನಿಲ್ಲಿಸುವ ದಿನವನ್ನು ಸೇತುವೆಯ ಮೇಲೆ ಬರೆದು ಅಂಟಿಸಿದರು. ನೀರು ಹೋದರೆ ತಾವಿಲ್ಲ. ಮತ್ತೆ ನೀರು ಬಂದು ತಾವು ಬಸಿರಾಗುವ ಹೊತ್ತಿಗೆ ನನ್ನ ಕಣ್ಣು ಇನ್ನೆಷ್ಟು ಗೇಣು ದೂರ ಸರಿದಿರುತ್ತದೋ ಹೇಳಲಾಗದು. ಆದ್ದರಿಂದ ತಾವು ದಯಮಾಡಿ ಮೂರು ನಿಮಿಷದ ಮಟ್ಟಿಗೆ ಒಂದು ಗೇಣು ಉದ್ದವಾಗುವುದು, ಅದಾಗದಿದ್ದರೆ ಬೆನ್ನಿಗೆ ಬಣ್ಣದ ಶಾಲು ಹೊದೆಯುವುದು, ಅದೂ ಆಗದಿದ್ದರೆ ಕಣ್ಣಿನ ಕಡ್ಡಿಗಳೆರಡನ್ನೂ ಒಂದೇ ದಿಕ್ಕಿಗೆ ಹಿಡಿದು ಗದ್ದವನ್ನು ತುಸು ಮೇಲೆತ್ತುವುದು ಎಂದು ಮನಸ್ಸಿನಲ್ಲೇ ಮನವಿ ಸಲ್ಲಿಸುತ್ತಿದ್ದೆ.

ಮನವಿ ಫಲಿಸಿತೆಂದೇ ತಿಳಿದೆ. ಕೊನೆಯ ಭಾನುವಾರಕ್ಕೆ ಎರಡು ವಾರವಿರುವಾಗ ತಾವು ಮೂರನೇ ಕಲ್ಲಿನ ಪಾಚಿಯ ಮೇಲೆ ನಿಂತವರು ಅಲುಗಲೇ ಇಲ್ಲ. ಹತ್ತಿರ ಹೋದೆ, ಹಾರಲಿಲ್ಲ. ಕ್ಯಾಮೆರಾ ಮೀಸೆಗೆ ತಾಗಿತು, ಬೇಸರಿಸಲಿಲ್ಲ. ಮದುಮಕ್ಕಳನ್ನೂ ಹಸುಗೂಸುಗಳನ್ನೂ ಲೈಟಿನೆದುರು ಕೂರಿಸಿ ಬೆವೆತವನಿಗೆ ಅಲುಗಾಡದ ಗಿರಾಕಿ ಎಂದರೆ ಏನೆಂದು ತಮಗೆ ತಿಳಿಯದು. ನಾನು ಅರವತ್ತೆರಡು ಫೋಟೋ ತೆಗೆದೆ, ಪ್ರತಿ ಫೋಟೋಕ್ಕೂ ನೀರೊಳಗೇ ಕೈಮುಗಿದೆ. ಅದರಲ್ಲೊಂದನ್ನು ದೊಡ್ಡದು ಮಾಡಿ, ಬಂಗಾರದ ಬಣ್ಣದ ಕಟ್ಟು ಹಾಕಿಸಿ, ಕೆಳಗೆ 'ಮಾತೃತ್ವ' ಎಂದು ಬರೆಸಿ ಶಾಲೆಗೆ ಒಯ್ದೆ. ಉಚ್ಚೆಂಗಮ್ಮನವರು ಅದನ್ನು ಬಹಳ ಹೊತ್ತು ನೋಡಿ, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಮೆಲ್ಲಗೆ ಹೇಳಿದರು: "ಸರ, ತಪ್ಪು ತಿಳ್ಕೋಬ್ಯಾಡ್ರಿ. ಇದು ಬಿಟ್ಟು ಹೋದ ಪೊರಿ ಐತ್ರಿ. ನೋಡ್ರಿ, ಕಣ್ಣಿನ ಜಾಗದಾಗ ಕರೀದಿಲ್ಲ, ಬರೇ ಗಾಜೈತಿ. ಒಳಗ ಯಾರೂ ಇಲ್ರಿ."

ಮನೆಗೆ ಬಂದು ನನ್ನ ಹೆಂಡತಿ ಗಂಗಾಂಬಿಕಾಳಿಗೆ ಹೇಳಿದರೆ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತದೆ, "ಅದಕ್ಕ ಮತ್ತ ಅಷ್ಟ್ ಸುಮ್ನ ಕುಂತಿತ್ತು. ಜೀವ ಇದ್ದದ್ದು ಯಾವುದು ನಿಮ್ಮ ಮುಂದ ಸುಮ್ನ ಕುಂತೈತಿ?" ಎಂದಳು. ಆಮೇಲೆ ತನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಮೊರದ ಅಂಚಿನಲ್ಲಿಟ್ಟು, "ಹಾಕ್ಕೊಂಡ್ ಹೋಗ್ರಿ. ನೀರಾಗ ಯಾವ ಧಣಿ ನೋಡ್ತಾನ?" ಎಂದಳು. ಹಾಕಿಕೊಂಡೇ ಹೋದೆ. ಕನ್ನಡಕದ ಕಡ್ಡಿ ಅಡ್ಡ ಬಂದು ಮುಖವಾಡದೊಳಗೆ ನೀರು ನುಗ್ಗಿ, ನಾನು ಕೆಮ್ಮುತ್ತ ಎದ್ದಾಗ ದುರುಗವ್ವನವರು "ಸಿಕ್ತೇನ್ರೀ?" ಎಂದು ಕೇಳಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮನೆಗೆ ಮರಳಿ ಕನ್ನಡಕದ ಬಲಗಾಜನ್ನು ಬಿಡಿಸಿ ಮುಖವಾಡದ ಒಳಗೆ ಅಂಟಿಸಿದೆ. ಅಂದಿನಿಂದ ಗಂಗಾಂಬಿಕಾ ಒಂದೇ ಕಣ್ಣಿನಲ್ಲಿ ಅಕ್ಕಿ ಆರಿಸುತ್ತಿದ್ದಾಳೆ, ಅನ್ನದಲ್ಲಿ ಕಲ್ಲು ಸಿಕ್ಕರೆ ನಾನು ಮಾತಾಡದೆ ನುಂಗುತ್ತಿದ್ದೇನೆ.

ಕೊನೆಯ ಭಾನುವಾರ ನೀರು ಆಗಲೇ ಸೊಂಟಕ್ಕಿಳಿದಿತ್ತು. ತಾವಿದ್ದಿರಿ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ತಮ್ಮ ಮುಖ ಕಂಡೆ. ತಾವು ಸಣ್ಣ ಕಾಲುಗಳಿಂದ ಮೊಟ್ಟೆಗಳಿಗೆ ನೀರು ಬೀಸುತ್ತಿದ್ದಿರಿ; ಒಂದೊಂದು ಮೊಟ್ಟೆಯೊಳಗೂ ಎರಡೆರಡು ಕರಿ ಚುಕ್ಕೆ, ಇನ್ನೂ ಹುಟ್ಟದವರ ಕಣ್ಣು, ಅಷ್ಟೂ ನನ್ನನ್ನೇ ನೋಡುತ್ತಿದ್ದವು. ತಾವು ಹಾರುವ ಮೊದಲು ನನಗೆ ಒಂದೇ ಫೋಟೋ ಸಿಕ್ಕಿತು. ಅದು ಸ್ಪಷ್ಟವಾಗಿದೆ.

ಸ್ಪಷ್ಟವಾದದ್ದೇ ಈಗಿನ ತೊಡಕು. ತಮ್ಮ ಗಾಜಿನಂಥ ಬೆನ್ನೊಳಗೆ, ತಲೆಯಿಂದ ಬಾಲದವರೆಗೆ, ದಾರದಂಥ ಒಂದು ಕೆಂಪು ಗೆರೆ ಬಂದಿದೆ. ಅದು ತಮ್ಮ ಕರುಳೆಂದೂ, ಅದರಲ್ಲಿರುವುದು ಅದಿರಿನ ಲಾರಿಗಳು ಸೇತುವೆಯ ಮೇಲೆ ಚೆಲ್ಲಿಹೋಗುವ ಮಣ್ಣೆಂದೂ ಉಚ್ಚೆಂಗಮ್ಮನವರು ಫೋಟೋದ ಕೆಳಗೆ ಮಕ್ಕಳಿಂದಲೇ ಬರೆಸಿದರು. ಪ್ರದರ್ಶನ ಉದ್ಘಾಟಿಸಲು ಬರುವವರು ಶಾಲೆಗೆ ಬೆಂಚು ಕೊಡಿಸಿದ ಗಣಿ ಧಣಿಗಳು. ಆದ್ದರಿಂದ ಮುಖ್ಯೋಪಾಧ್ಯಾಯರು ಸ್ಟುಡಿಯೋಗೆ ಖುದ್ದಾಗಿ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಶಂಭುಲಿಂಗಪ್ಪಾರ, ಮದುವಿ ಫೋಟೋದಾಗ ಮಚ್ಚಿ ತೆಗೀತೀರಲ್ರಿ, ಹಂಗ ಆ ಕೆಂಪು ಗೆರಿ ಒಂದೀಟು ಒರಸಿಬಿಡ್ರಿ. ಮೊಟ್ಟಿ ಇರ್ಲಿ, ಮೊಟ್ಟಿ ಮಸ್ತ್ ಅದಾವ" ಎಂದು ಕೇಳಿಕೊಂಡರು.

ಕಂಪ್ಯೂಟರಿನಲ್ಲಿ ಅದು ಅರ್ಧ ನಿಮಿಷದ ಕೆಲಸ. ಇದೇ ಧಣಿಗಳ ಹಲ್ಲಿನ ಮೇಲಿನ ಗುಟ್ಕಾದ ಕಲೆಯನ್ನು ನಾನು ಮೂರು ಆಲ್ಬಮ್ಮುಗಳಲ್ಲಿ ಒರೆಸಿದ್ದೇನೆ. ಆದರೆ ಮುಖ್ಯೋಪಾಧ್ಯಾಯರಿಗೆ ಕೈಮುಗಿದು, ನನಗೆ ಚಾಳೀಸು ಬಂದು ಒಂಬತ್ತು ವರ್ಷವಾಯಿತೆಂದೂ, ಅಷ್ಟು ಸಣ್ಣ ಗೆರೆ ಈ ಕಣ್ಣಿಗೆ ಕಾಣುವುದಿಲ್ಲವೆಂದೂ, ಕಾಣದ್ದನ್ನು ಒರೆಸುವುದು ನನ್ನಿಂದಾಗದೆಂದೂ ತಿಳಿಸಿದೆ. ಬಾಗಿಲಲ್ಲಿ ನಿಂತಿದ್ದ ನಾಲ್ಕು ಮಂದಿ ಗಿರಾಕಿಗಳೂ ಅದನ್ನು ಕೇಳಿಸಿಕೊಂಡರು. ಫೋಟೋ ಇದ್ದ ಹಾಗೆಯೇ ಶಾಲೆಯ ಗೋಡೆಯ ಮೇಲಿದೆ. ಮುಂದಿನ ತಿಂಗಳ ಸಂಡೂರಿನ ಧಣಿಗಳ ಮದುವೆಗೆ ಬಳ್ಳಾರಿಯಿಂದ ಎಳೆಗಣ್ಣಿನ ಫೋಟೋದವರೊಬ್ಬರನ್ನು ಕರೆಸುತ್ತಿದ್ದಾರೆಂದು ಸುದ್ದಿ.

ಕಾಲುವೆ ಈಗ ಒಣಗಿದೆ. ತಾವು ಸೇತುವೆಯಡಿ ಇನ್ನೂ ನೀರು ಉಳಿದಿರುವ ಮಡುವಿಗೆ ಮಕ್ಕಳೊಂದಿಗೆ ಸುಖವಾಗಿ ತಲುಪಿದ್ದೀರೆಂದು ನಂಬಿರುವ,

ತಮ್ಮ ವಿಶ್ವಾಸಿ, ಹಾಗೂ ಬಹಳ ತಡವಾಗಿ ತಮ್ಮನ್ನು ಕಂಡ,
ಶಂಭುಲಿಂಗ
ಹೊಸಪೇಟೆ, 2006

ತಾ.ಕ.: ಮುಖ್ಯೋಪಾಧ್ಯಾಯರು ನನಗಿಂತ ಎಂಟು ವರ್ಷ ಹಿರಿಯರು, ಕನ್ನಡಕ ಹಾಕುವುದಿಲ್ಲ, ಆ ಗೆರೆಯನ್ನು ಕೋಣೆಯ ಆಚೆ ತುದಿಯಿಂದಲೇ ಕಂಡುಹಿಡಿದರು. ಅವರು ಯಾವ ಡಾಕ್ಟರಿಗೆ ಕಣ್ಣು ತೋರಿಸುತ್ತಾರೆಂದು ತಮಗೇನಾದರೂ ತಿಳಿದಿದ್ದರೆ ದಯವಿಟ್ಟು ತಿಳಿಸುವುದು. ಗಂಗಾಂಬಿಕಾ ಕೇಳುತ್ತಿದ್ದಾಳೆ.