ಮುಟ್ಟದಿದ್ದರೆ ಓಡುವ ಕಂಪ್ಯೂಟರ್

ಬನಹಟ್ಟಿಯ ಪತ್ತಿನ ಸಂಘದಲ್ಲಿ ವರ್ಷದ ಬಡ್ಡಿ ಲೆಕ್ಕ ಹಾಕಲು ಒಂದು ಕಂಪ್ಯೂಟರು ಹೆಣಗಾಡುತ್ತಿದ್ದರೆ, ಉಳಿದವು ಬೀಗರಂತೆ ಸುಮ್ಮನೆ ಕೂತಿರುತ್ತಿದ್ದವು. ಹಂಗಾಮಿ ಆಪರೇಟರ್ ಜ್ಞಾನೇಶ್ವರ ಎಲ್ಲವನ್ನೂ ವೈರಿನಿಂದ ಜೋಡಿಸಿ, ಲೆಕ್ಕ ಹಂಚಿಕೊಂಡು ಮಾಡುವ ಪ್ರೋಗ್ರಾಮ್ ಹಾಕಿದ. ಯಾರೂ ಮುಟ್ಟದಿದ್ದಾಗ ಮಾತ್ರ ಅದು ನಡೆಯುತ್ತಿತ್ತು. ಮೌಸ್ ಅಲುಗಿದರೆ ಲೆಕ್ಕ ಬಂದ್. ಸಂಜೆಯೊಳಗೆ ಮುಗಿಸಿದರೆ ನೌಕರಿ ಕಾಯಂ ಎಂದು ಚೇರ್ಮನ್ ರಾಮಲಿಂಗಪ್ಪನವರು ಮಾತು ಕೊಟ್ಟಿದ್ದರು. ಇವತ್ತು ಬಿಟ್ಟರೆ ಇಲ್ಲ ಎಂದು ಜ್ಞಾನೇಶ್ವರ ಹಟ ಹಿಡಿದ.

ಸ್ವಲ್ಪ ಹೊತ್ತಿಗೇ ಪರದೆಗಳು ಒಂದೊಂದಾಗಿ ಕಪ್ಪಾದವು. ನೋಡಿದರೆ ಸಿಪಾಯಿ ಶಿದ್ರಾಮಪ್ಪ ಸ್ವಿಚ್ಚು ಆರಿಸುತ್ತ ಹೊರಟಿದ್ದಾನೆ.

"ಕಾಕಾ, ಯಾಕ್ರೀ ಬಂದ್ ಮಾಡಾಕತ್ತೀರಿ?"

"ಮುಂದ ಮಂದಿ ಇಲ್ದ ಓಡಾಕತ್ತಿತ್ತಲೋ ತಮ್ಮಾ! ಎಳಿ ಹರದ್ರ ಯಾರ್ ನೋಡಬೇಕು? ಇಡೀ ಸೀರಿ ಕೆಡತೈತಿ."

"ಇದ್ರಾಗ ಎಳಿ ಎಲ್ಲೈತ್ರೀ?"

"ಎಳಿ ಇಲ್ದ ಏನ್ ಓಡತೈತಿ?"

ಮೊದಲು ಪವರ್‌ಲೂಮಿನಲ್ಲಿದ್ದ ಮನುಷ್ಯ, ಮುಂದೆ ಆಳಿಲ್ಲದೆ ಮಗ್ಗ ಓಡಿಸಬಾರದೆಂದೇ ಕಲಿತವನು, ಎಷ್ಟು ಹೇಳಿದರೂ ಒಪ್ಪಲಿಲ್ಲ. 'ಬಂದ್ ಮಾಡಬೇಡಿ' ಎಂದು ಚೀಟಿ ಅಂಟಿಸಿದ್ದಾಯಿತು. ಹಣ ಕಟ್ಟಲು ಬಂದವನೊಬ್ಬ ಅದನ್ನು ಓದಿಯೂ ಕೌಂಟರಿನೊಳಗೆ ಕೈ ಚಾಚಿ ಆರಿಸಿದ. ಊರಲ್ಲಿ ಯಾರ ಮನೆಯಲ್ಲಿ ಮಗ್ಗವಿಲ್ಲ?

ಸರಿ, ಪ್ರತಿ ಕಂಪ್ಯೂಟರಿನ ಮುಂದೆ ಸಿಬ್ಬಂದಿಯಲ್ಲಿ ಒಬ್ಬೊಬ್ಬರನ್ನು ಕೂರಿಸಿದ. ತನ್ನ ಕುರ್ಚಿಯನ್ನು ಶಿದ್ರಾಮಪ್ಪನಿಗೇ ಬಿಟ್ಟುಕೊಟ್ಟ. ಆದರೆ ಕ್ಯಾಶಿಯರ್ ಸರಿತಾ ಕೂತವಳೇ ಇಸ್ಪೀಟಾಟ ತೆರೆದಳು. ಲೆಕ್ಕ ನಿಂತಿತು.

"ಅಕ್ಕಾರ, ಮುಟ್ಟಬ್ಯಾಡ್ರೀ!"

"ಕೈ ಕಟ್ಕೊಂಡು ಎಷ್ಟೊತ್ತ ಕುಂದ್ರೂದೋ?"

ಜ್ಞಾನೇಶ್ವರ ಎದುರಿನ ಹೋಟೆಲಿಗೆ ಓಡಿ ಚಹಾ ಕಿಟ್ಲಿ ತಂದ. ಎಲ್ಲರ ಒಂದು ಕೈಗೆ ಕಪ್ಪು, ಇನ್ನೊಂದಕ್ಕೆ ಬಸಿ; ಮೌಸ್ ಮುಟ್ಟಲು ಕೈಯೇ ಉಳಿಯಲಿಲ್ಲ. ಕಪ್ಪು ಬರಿದಾದಂತೆ ಮತ್ತೆ ತುಂಬಿದ. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಸಂಜೆಯವರೆಗೂ ತುಂಬುತ್ತಲೇ ಇದ್ದ. ಕೊನೆಯ ಖಾತೆಯ ಲೆಕ್ಕ ಮುಗಿಯುವುದಕ್ಕೂ ಚೇರ್ಮನ್ನರು ಒಳಗೆ ಬರುವುದಕ್ಕೂ ಸರಿಹೋಯಿತು.

"ಮುಗೀತ್ರೀ ಸಾಹೇಬ್ರ!" ಜ್ಞಾನೇಶ್ವರ ಕಿಟ್ಲಿ ಹಿಡಿದೇ ಕುಣಿದ.

ಚೇರ್ಮನ್ನರೂ ಪವರ್‌ಲೂಮಿನ ಮಾಲೀಕರು. ಮೊದಲು ಅವರು ನೋಡುವುದು ಮಗ್ಗದ ಮುಂದೆ ಯಾರಿದ್ದಾರೆ ಎಂದು.

"ಈ ಮಶೀನ್ ಮುಂದ ಯಾರ್ ಕುಂತಿದ್ರು?" ಜ್ಞಾನೇಶ್ವರನ ಕುರ್ಚಿಯತ್ತ ಕೈ ತೋರಿಸಿದರು.

"ನಾನ್ರೀ. ಕಣ್ಣ ತಗದಿಲ್ರೀ," ಅಂದ ಶಿದ್ರಾಮಪ್ಪ. ಸುಳ್ಳೇನೂ ಅಲ್ಲ.

"ಮತ್ತ ನೀ ಎಲ್ಲಿದ್ದೆಲೇ?"

"ಚಹಾ ಕೊಡಾಕತ್ತಿದ್ನಿರೀ. ಯಾರೂ ಏನೂ ಮಾಡದ ಕುಂತ್ರನ ಇದು ಕೆಲಸ ಮಾಡತೈತ್ರೀ!"

"ಏನೂ ಮಾಡದ ಕುಂದ್ರೂದು ಅಂದ್ರ ಸಲೀಸ ಅಂತ ತಿಳದಿಯೇನು?"

ಅಲ್ಲಿಯೇ ಶಿದ್ರಾಮಪ್ಪನನ್ನು ಕಾಯಂ ಆಪರೇಟರ್ ಮಾಡಿದರು. ಆಮೇಲೆ ಜ್ಞಾನೇಶ್ವರ ಬಗ್ಗಿಸಿಕೊಟ್ಟ ಚಹಾ ಒಂದು ಗುಟುಕು ಕುಡಿದು, "ಚಹಾ ಮಾತ್ರ ಛಲೋ ಕೊಡ್ತೀ ನೋಡು," ಎಂದು ಮೆಚ್ಚಿ, ತೆರವಾದ ಸಿಪಾಯಿ ಕೆಲಸಕ್ಕೆ ಜ್ಞಾನೇಶ್ವರನನ್ನು ಹಾಕಿದರು. ಅದೂ ಹಂಗಾಮಿಯಾಗಿ.