ಒಂಬತ್ತನೇ ಪ್ರಶ್ನೆಯವರಲ್ಲಿ ಒಂದು ‘ಸು’ ಬೇಡಿ

ಪುಟ್ಟ ಮಕ್ಕಳ ಬೆಳವಣಿಗೆ ತಪಾಸಣೆಯ ಹಾಳೆಯಲ್ಲಿ ಎಂಟರ ಕೆಳಗೆ, ಹತ್ತರ ಮೇಲೆ, ಎರಡೂ ಕಡೆ ಗಾಳಿ ಬೆಳಕಿಗೆ ಕೊರತೆಯಿಲ್ಲದಂತೆ ವಿರಾಜಮಾನರಾಗಿರುವ ಮಾನ್ಯ ಒಂಬತ್ತನೇ ಪ್ರಶ್ನೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ನನಗೆ ಬೀಳಲಿಲ್ಲ, ಏಕೆಂದರೆ ಹೋದ ವಾರ ತಪಾಸಣೆಯ ಕೊಠಡಿಗೆ ಬಂದಿದ್ದಾಗ ತಮ್ಮನ್ನು ಕಣ್ಣಾರೆ ಕಂಡೆ. ಎತ್ತರ ಅಳೆಯಲೆಂದು ಗೋಡೆಯ ಮೇಲೆ ಬರೆದ ಜಿರಾಫೆಯ ಬಣ್ಣ ಮೊಣಕಾಲಿನವರೆಗೆ ಉದುರಿದೆ, ತೂಕದ ಯಂತ್ರದ ಮುಳ್ಳು ಸೊನ್ನೆಗೆ ಮರಳುವ ಅಭ್ಯಾಸವನ್ನೇ ಬಿಟ್ಟಿದೆ, ಸಿಸ್ಟರ್ ಕೂರುವ ಕುರ್ಚಿಯ ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದಾರೆ. ತಾವು ಮಾತ್ರ ಒಂದಕ್ಷರವೂ ಅಲುಗದೆ, ಅಚ್ಚಾದ ದಿನದ ಗತ್ತಿನಲ್ಲೇ ಇದ್ದೀರಿ. ನೋಡಿ ಹೊಟ್ಟೆ ಉರಿಯಿತು ಎಂದು ಬರೆದರೆ ತಾವು ಅಪಾರ್ಥ ಮಾಡಿಕೊಂಡೀರಿ, ಆದ್ದರಿಂದ ಸಂತೋಷವಾಯಿತು ಎಂದೇ ಬರೆಯುತ್ತಿದ್ದೇನೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತನಾದವನು. ಗೋಡೆಯಾಚೆ ಯಂತ್ರಗಳು ಹಗಲಿಡೀ ದಡಬಡ ಎನ್ನುತ್ತಿದ್ದುದರಿಂದ ನನ್ನ ಕಣ್ಣು ಚುರುಕಾಯಿತು, ಕಿವಿ ಮಂದವಾಯಿತು. ನನ್ನಿಂದಾಗಿ ನನ್ನ ಹೆಂಡತಿಗೆ ಕೂಗಿ ಮಾತಾಡುವುದು ರೂಢಿಯಾಗಿದೆ. ಅಳಿಯಂದಿರು ಬಸ್ ಕಂಡಕ್ಟರ್, ನಿಲ್ದಾಣಗಳ ಹೆಸರು ಕೂಗಿದ ದನಿಯನ್ನೇ ಮನೆಗೂ ತರುತ್ತಾರೆ. ನಮ್ಮೆಲ್ಲರ ನಡುವೆ ತನ್ನ ಮಾತು ನಡೆಯಬೇಕಲ್ಲ ಎಂದು ಮಗಳೂ ಗಂಟಲು ಏರಿಸುತ್ತಾಳೆ. ನಾವು ಉಪ್ಪು ಕೇಳಿದರೂ ಬೀದಿಯವರು ಜಗಳವೆಂದು ಕಿಟಕಿಗೆ ಬಂದು ನಿಲ್ಲುತ್ತಾರೆ. ಇಂಥ ಮನೆಯಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು. ಕರೆದರೆ ತಿರುಗಿ ನೋಡುವ ದಾಕ್ಷಿಣ್ಯವೂ ಅವಳಿಗೆ ಇರಲಿಲ್ಲವಾದ್ದರಿಂದ ಎಲ್ಲರೂ ಸೇರಿ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟೆವು. ಆ ಹೆಸರು ಅವಳ ಕಿವಿಗೇ ಬಿದ್ದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಈಗ ತಮ್ಮ ಸಾಧನೆಯ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ತುಂಬಿದ ಮಹಾರಾಣಿಯನ್ನು ಮಗಳು ತಪಾಸಣೆಗೆ ಕರೆತಂದಳು. ಮಗು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿತು, ಚೆಂಡು ಒದೆಯಿತು, ಮೆಟ್ಟಿಲು ಹತ್ತಿತು, ಎಂಟು ಪ್ರಶ್ನೆಗಳೂ ಸಲೀಸಾಗಿ ಮುಗಿದವು. ಆಮೇಲೆ ತಮ್ಮ ಸರದಿ ಬಂದಿತು. ‘ಹೇಳಿದ್ದನ್ನು ಮಗು ಕೇಳುತ್ತದೆಯೇ?’ ಎಂದು ಸಿಸ್ಟರ್ ತಮ್ಮನ್ನು ಓದಿದರು. ಮಗಳು ಅಷ್ಟು ದಿನದ ಸಂಕಟವನ್ನೆಲ್ಲ ಒಟ್ಟು ಸೇರಿಸಿ, “ಎಲ್ಲಿ ಕೇಳ್ತಾಳೆ ಸಿಸ್ಟರ್, ಒಂದು ಮಾತೂ ಕೇಳಲ್ಲ” ಎಂದಳು. ಅದು ಅಕ್ಷರಶಃ ಸತ್ಯವಾಗಿತ್ತು. ಸಿಸ್ಟರ್ ನಕ್ಕು, “ನಮ್ಮನೇಲೂ ಇದೇ ಕಥೆ ಬಿಡಿ, ಅಪ್ಪನೂ ಕೇಳಲ್ಲ, ಮಕ್ಕಳೂ ಕೇಳಲ್ಲ” ಎಂದರು. ಸಾಲಿನಲ್ಲಿ ಕಾಯುತ್ತಿದ್ದ ತಾಯಂದಿರೂ ನಕ್ಕರು. ಆ ನಗುವಿನ ನಡುವೆಯೇ ‘ಸಹಜ’ ಎಂಬ ಚೌಕದಲ್ಲಿ ಗುರುತು ಬಿತ್ತು.

ಕಿವಿಯ ಬಗ್ಗೆ ಕೇಳಬೇಕಾದ ತಾವು ಹೀಗೆ ವಿಧೇಯತೆಯ ಬಗ್ಗೆ ಕೇಳಿ ಬಂದಿರಿ. ಕೇಳುವುದು ಎಂದರೆ ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು ಎಂಬ ನಮ್ಮ ಭಾಷೆಯ ಈ ಜಾಣತನವನ್ನು ತಮ್ಮಷ್ಟು ಲಾಭಕರವಾಗಿ ಬಳಸಿಕೊಂಡ ಇನ್ನೊಂದು ವಾಕ್ಯವನ್ನು ನನ್ನ ಇಡೀ ವೃತ್ತಿಯಲ್ಲಿ ಕಂಡಿಲ್ಲ. ತಮ್ಮಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ದೋಷವಿಲ್ಲ, ಪ್ರಶ್ನಾರ್ಥಕ ಚಿಹ್ನೆ ಸರಿಯಾದ ಜಾಗದಲ್ಲೇ ಇದೆ. ಕರಡು ತಿದ್ದುವವನು ತಮ್ಮನ್ನು ದಾಟಿ ಹೋಗಬೇಕೇ ಹೊರತು ಬೆರಳಿಟ್ಟು ತೋರಿಸಲು ಒಂದು ಕೊರತೆಯೂ ಇಲ್ಲ. ಅನುಮಾನ ಬಂದರೆ ಮಗುವಿನ ಬೆನ್ನ ಹಿಂದೆ ಬಾರಿಸಲೆಂದು ಒಂದು ಪುಟ್ಟ ಗಂಟೆಯನ್ನೂ ಆ ಕೊಠಡಿಗೆ ಕೊಟ್ಟಿದ್ದಾರಂತೆ. ಪಕ್ಕದ ಕೋಣೆಯ ಡಾಕ್ಟರಿಗೆ ಗದ್ದಲವಾಗುತ್ತದೆ ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಹಾಗೆ ನೋಡಿದರೆ ಇಡೀ ಕಟ್ಟಡದಲ್ಲಿ ಸಂಪೂರ್ಣ ರಕ್ಷಣೆ ಪಡೆದಿರುವ ಕಿವಿ ಡಾಕ್ಟರರದು ಒಂದೇ.

ಆ ಡಾಕ್ಟರರು ‘ಸಹಜ’ ಎಂಬುದನ್ನು ನೋಡಿ, ಮಗುವನ್ನು ನೋಡದೆ, “ಹಠ ಜಾಸ್ತಿ, ಮುದ್ದು ಕಡಿಮೆ ಮಾಡಿ, ಸ್ವಲ್ಪ ಶಿಸ್ತು ಕಲಿಸಿ, ಮಾತು ತಾನಾಗೇ ಬರುತ್ತೆ” ಎಂದು ಕಿವಿಮಾತು ಹೇಳಿ ಕಳಿಸಿದರು. ಮಗಳು ಹೇಳಿದ್ದನ್ನು ಕೇಳುವ ಹೆಣ್ಣು. ಅಂದಿನಿಂದ ನಮ್ಮ ನಡುಮನೆಯ ಒಂದು ಮೂಲೆ ಶಿಸ್ತಿನ ಮೂಲೆಯಾಯಿತು. ಕರೆದಾಗ ಬರದಿದ್ದರೆ ಮಗು ಅಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ‘ಸಾಕು, ಬಾ’ ಎಂದಾಗ ತಿರುಗಿ ಬರಬೇಕು. ಗೋಡೆಗೆ ಮುಖ ಮಾಡಿ ನಿಂತವಳು ‘ಸಾಕು, ಬಾ’ ಎಂದರೂ ಬರುತ್ತಿರಲಿಲ್ಲ. ಬರಲಿಲ್ಲ ಎಂಬ ಹಠಕ್ಕೆ ಇನ್ನಷ್ಟು ಹೊತ್ತು ನಿಲ್ಲಿಸುತ್ತಿದ್ದರು. ತಮ್ಮ ಒಂದು ಕ್ರಿಯಾಪದ ಇಷ್ಟು ದೂರ ನಡೆದು ಬಂದು ನಮ್ಮ ನಡುಮನೆಯಲ್ಲಿ ಕೂತಿತ್ತು.

ಒಂದು ಮಧ್ಯಾಹ್ನ ಅವಳು ಗೇಟು ದಾಟಿ ಬೀದಿಗೆ ಓಡಿದಳು. ಮಗಳು ಹಿಂದಿನಿಂದ ಕೂಗಿದಳು, ನನ್ನ ಹೆಂಡತಿ ಕೂಗಿದಳು, ಬರುತ್ತಿದ್ದ ಸ್ಕೂಟರಿನವನು ಹಾರ್ನ್ ಒತ್ತಿದ. ಅವಳು ನಿಲ್ಲಲಿಲ್ಲ. ಸ್ಕೂಟರಿನವನೇ ಬ್ರೇಕ್ ಹಿಡಿದು, ಬಿದ್ದು, ಎದ್ದು, ಬೈದು ಹೋದ. ಮಗಳು ಅವಳನ್ನು ಎತ್ತಿ ತಂದು ಅದೇ ಮೂಲೆಯಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಅತ್ತಳು. ನಾನು ಮಗುವಿನ ಹಿಂದೆ ಕುರ್ಚಿ ಹಾಕಿ ಕುಳಿತೆ. ‘ಸಾಕು, ಬಾ ಕಂದ’ ಎಂದೆ. ಅವಳು ಗೋಡೆ ನೋಡುತ್ತಲೇ ಇದ್ದಳು. ಇನ್ನೂ ಗಟ್ಟಿಯಾಗಿ ಕರೆದೆ. ಎದ್ದು ಪಕ್ಕಕ್ಕೆ ಹೋಗಿ ನಿಂತಾಗ ಮಾತ್ರ ಅವಳು ಬೆಚ್ಚಿ ತಿರುಗಿ, ನೇರವಾಗಿ ನನ್ನ ತುಟಿಗಳನ್ನು ನೋಡಿದಳು. ಕಣ್ಣನ್ನಲ್ಲ, ತುಟಿಗಳನ್ನು. ಹಾಗೆ ನೋಡುವವರು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನಾನೊಬ್ಬನೇ ಎಂದುಕೊಂಡಿದ್ದೆ. ನನ್ನ ಕಿವಿಯ ಯಂತ್ರದ ಸೆಲ್ ಮುಗಿದ ದಿನ ನನ್ನ ಬಗ್ಗೆಯೂ ‘ಬೇಕಾದ್ದು ಮಾತ್ರ ಕೇಳುತ್ತೆ, ಜಾಣಗಿವುಡು’ ಎನ್ನುತ್ತಾರೆ.

ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಅವಳನ್ನು ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ ನೋಡಿದರು. ಎರಡೂ ಕಿವಿ ಮಂದ. ಮುಂದೆ ನಿಂತು ಕೂಗುವ ಮನೆಯವರಾದ್ದರಿಂದ ಅರ್ಧ ಕೇಳಿ ಅರ್ಧ ನೋಡಿ ಹೇಗೋ ನಿಭಾಯಿಸಿದ್ದಾಳೆ ಎಂದರು. “ಎರಡು ವರ್ಷದ ತಪಾಸಣೆಯಲ್ಲಿ ಯಾರೂ ಕೇಳಲಿಲ್ವಾ?” ಎಂದು ಪರೀಕ್ಷೆ ಮಾಡಿದಾಕೆ ಕೇಳಿದಳು. ಕೇಳಿದರಮ್ಮ, ಬಹಳ ಚೆನ್ನಾಗಿ ಕೇಳಿದರು ಎಂದೆ. ಮಾತು ಕಲಿಯುವ ವಯಸ್ಸಿನ ಹೆಚ್ಚುಕಡಿಮೆ ಅರ್ಧ ವರ್ಷವನ್ನು ಮಗು ಗೋಡೆಯ ಸುಣ್ಣ ನೋಡುತ್ತ ಕಳೆದಿದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಮರ್ಯಾದೆಯ ಪತ್ರವಾದ್ದರಿಂದ ನುಂಗಿಕೊಳ್ಳುತ್ತಿದ್ದೇನೆ.

ತಮ್ಮನ್ನು ತಿದ್ದಿಸಲು ಆರೋಗ್ಯ ಇಲಾಖೆಯ ಕಚೇರಿಗೂ ಹೋಗಿದ್ದೆ. ನನ್ನ ಬೇಡಿಕೆ ಬಹಳ ಸಣ್ಣದು. ‘ಕೇಳುತ್ತದೆಯೇ’ ಎಂಬಲ್ಲಿ ಳು ಅಕ್ಷರದ ಕೊಂಬು ತೆಗೆದು ಗುಡಿಸು ಏರಿಸಿ, ಪಕ್ಕದಲ್ಲಿ ಒಂದು ‘ಸು’ ಕೂರಿಸಿದರೆ ‘ಕೇಳಿಸುತ್ತದೆಯೇ’ ಎಂದಾಗುತ್ತದೆ, ‘ಹೇಳಿದ್ದನ್ನು’ ಎಂಬುದು ‘ಹೇಳಿದ್ದು’ ಎಂದು ಕೊಂಚ ಮೈ ಇಳಿಸಿಕೊಂಡು, ‘ಮಗು’ ಎಂಬುದು ‘ಮಗುವಿಗೆ’ ಎಂದು ಕೊಂಚ ಮೈ ತುಂಬಿಕೊಂಡರಾಯಿತು. ತಮಗೆ ಕೊಂಬು ಬಂದಿದೆ ಎಂದು ಆಕ್ಷೇಪಿಸುತ್ತಿಲ್ಲ, ಇರುವುದನ್ನು ತೆಗೆಯಿರಿ ಎಂದಷ್ಟೇ ವಿನಂತಿ. ಅಧಿಕಾರಿಗಳು ಚಹಾ ತರಿಸಿ, “ಪ್ರಶ್ನೆ ಮೇಲಿಂದ ಬಂದಿರೋದು ಸರ್, ನಾವು ಕೈ ಹಾಕೋ ಹಾಗಿಲ್ಲ, ಆದ್ರೆ ನಿಮ್ಮ ಮಾತು ಪೂರ್ತಿ ಕೇಳಿಸ್ಕೊಂಡಿದೀವಿ” ಎಂದರು. ತಪ್ಪು ತಿಳಿಯಬಾರದು, ನಿಜವಾಗಿಯೂ ಕೇಳಿಸಿಕೊಂಡರು. ಕೇಳಲಿಲ್ಲ ಅಷ್ಟೇ.

ಆದ್ದರಿಂದ ಬದಲಿ ಸಲಹೆಗಳನ್ನು ನೇರವಾಗಿ ತಮ್ಮ ಮುಂದೆ ಇಡುತ್ತಿದ್ದೇನೆ. ಒಂದು ಅಕ್ಷರ ಸೇರಿಸುವುದು ಅಷ್ಟು ಕಷ್ಟವೆಂದಾದರೆ ಭಾಷೆಯನ್ನೇ ತಮಗೆ ಅನುಕೂಲವಾಗುವಂತೆ ಬದಲಿಸಲು ಆಜ್ಞೆ ಹೊರಡಿಸಬಹುದು. ಅದೂ ಆಗದಿದ್ದರೆ ಎರಡು ವರ್ಷದ ಮಕ್ಕಳೇ ಕೈ ಎತ್ತಿ, ‘ಸಿಸ್ಟರ್, ನಮ್ಮಮ್ಮ ಬೇರೆ ಅರ್ಥದಲ್ಲಿ ಉತ್ತರಿಸುತ್ತಿದ್ದಾರೆ’ ಎಂದು ಶುದ್ಧ ಉಚ್ಚಾರದಲ್ಲಿ ಆಕ್ಷೇಪ ಸಲ್ಲಿಸುವುದನ್ನು ಕಡ್ಡಾಯ ಮಾಡಬಹುದು. ಡ್ರಾಯರಿನ ಗಂಟೆಗೆ ಮಾತ್ರ ಯಾವ ತೊಂದರೆಯನ್ನೂ ಕೊಡಬೇಡಿ, ಅದು ಸುಖವಾಗಿ ನಿದ್ದೆ ಮಾಡುತ್ತಿದೆ.

ಮಹಾರಾಣಿಯ ಎರಡೂ ಕಿವಿಗೆ ಈಗ ಯಂತ್ರ ಬಂದಿದೆ. ಹಾಕಿದ ಮೊದಲ ದಿನ ನಲ್ಲಿಯ ತೊಟ್ಟಿಕ್ಕುವಿಕೆಯನ್ನು ಕೇಳುತ್ತ ಬಚ್ಚಲಮನೆಯ ಬಾಗಿಲಲ್ಲೇ ಕುಳಿತಿದ್ದಳು. ಮಾತು ಒಂದೊಂದಾಗಿ ಬರುತ್ತಿದೆ. ಹೋದ ತಿಂಗಳು ನಾವೆಲ್ಲ ಎಂದಿನಂತೆ ಊಟಕ್ಕೆ ಕುಳಿತು ಅರಚುತ್ತಿದ್ದಾಗ ತುಟಿಯ ಮೇಲೆ ಬೆರಳಿಟ್ಟು “ಮೆಲ್ಲಗೆ” ಎಂದಳು. ಕಂಡಕ್ಟರ್ ಅಳಿಯಂದಿರು ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಹೋದ ವಾರ ಮೂರು ವರ್ಷದ ತಪಾಸಣೆ. ಆ ಹಾಳೆಯಲ್ಲೂ ಒಂಬತ್ತನೇ ಜಾಗದಲ್ಲಿ ತಾವೇ ಇದ್ದಿರಿ, ಬಡ್ತಿಗೆ ಅಭಿನಂದನೆ. ಸಿಸ್ಟರ್ ತಮ್ಮನ್ನು ಹಿಂದಿನಂತೆಯೇ ಓದಿದರು. ನನ್ನ ಮಗಳು ಮಗುವನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, “ಎಲ್ಲ ಕೇಳಿಸುತ್ತೆ ಸಿಸ್ಟರ್. ಒಂದೂ ಕೇಳಲ್ಲ” ಎಂದಳು. ಅಷ್ಟು ಹೆಮ್ಮೆಯಿಂದ ಯಾವ ತಾಯಿಯೂ ಮಗಳ ಮೇಲೆ ದೂರು ಹೇಳಿದ್ದನ್ನು ನಾನು ಕಂಡಿಲ್ಲ. ಸಿಸ್ಟರ್ ಈ ಸಲ ನಗಲಿಲ್ಲ, ಪೆನ್ನು ಹಿಡಿದು ಯೋಚಿಸುತ್ತ ಕುಳಿತರು. ಆ ಉತ್ತರಕ್ಕೆ ತಮ್ಮಲ್ಲಿ ಚೌಕವಿಲ್ಲ.

ಸಾಲಿನಲ್ಲಿ ನಮ್ಮ ಹಿಂದೆ ಇನ್ನೂ ಬಹಳ ತಾಯಂದಿರು ಇದ್ದರು. ಅವರ ಮಕ್ಕಳಲ್ಲಿ ಎಷ್ಟು ಜನ ಹೇಳಿದ್ದನ್ನು ಕೇಳುವುದಿಲ್ಲವೋ ತಮಗೇ ಗೊತ್ತು.

ಇಷ್ಟೆಲ್ಲ ಆದಮೇಲೂ ಗೌರವದಲ್ಲಿ ಕಡಿಮೆ ಮಾಡದ,
ತಮ್ಮ ವಿಶ್ವಾಸಿ,
ಮಹಾರಾಣಿಯ ತಾತ
(ಎಡಗಿವಿ ಪೂರ್ಣ ನಿವೃತ್ತ, ಬಲಗಿವಿ ಯಂತ್ರದ ಮೇಲೆ)

ಮರೆತ ಮಾತು: ನಮ್ಮ ನಡುಮನೆಯ ಆ ಮೂಲೆ ಈಗ ಖಾಲಿಯಿದೆ. ತಾವು ಬಿಡುವು ಮಾಡಿಕೊಂಡು ಒಂದು ಮಧ್ಯಾಹ್ನ ಬಂದು ಅಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂದು ಪ್ರಾರ್ಥನೆ. ‘ಸಾಕು, ಬನ್ನಿ’ ಎಂದು ನಾನೇ ಹಿಂದಿನಿಂದ ಕರೆಯುತ್ತೇನೆ. ಆದರೆ ಮಹಾರಾಣಿಯ ಅಪ್ಪಣೆಯಾಗಿರುವುದರಿಂದ ಮೆಲ್ಲಗೆ ಕರೆಯುತ್ತೇನೆ.